ನೆಟ್ಟಗೆ ನಡೆದವಳು

ಗಾಜಿನ ಆಚೆ ಗಂಡಸರ ಬೂಟುಗಳನ್ನು ಸಾಲಾಗಿ ಜೋಡಿಸಿದ್ದರು. ವಿನೈನಾ ಅವುಗಳನ್ನು ನೋಡುತ್ತಾ ನಿಂತಿದ್ದಳು, ಎಂದರೆ ನೋಡುತ್ತಿರುವವಳ ಹಾಗೆ ನಿಂತಿದ್ದಳು. ಸುವಾ ಪೇಟೆಯ ಸಮಂಬುಲಾದ ಏರುರಸ್ತೆಯಲ್ಲಿ ಹೀಗೆ ನಿಲ್ಲಬಹುದಾದ ಜಾಗಗಳೆಲ್ಲ ಅವಳಿಗೆ ಈಗ ಬಾಯಿಪಾಠ. ಮೊದಲು ಬ್ರೆಡ್ಡಿನ ಅಂಗಡಿ, ಆಮೇಲೆ ಚರ್ಚಿನ ಫಲಕ, ಆಮೇಲೆ ಈ ಬೂಟಂಗಡಿ. ಫಲಕದಲ್ಲಿ ಭಾನುವಾರದ ಪ್ರಾರ್ಥನೆಯ ಹೊತ್ತು ಬಿಟ್ಟರೆ ಓದುವುದಕ್ಕೆ ಏನೂ ಇಲ್ಲ. ಆದರೂ ಅವಳು ಅದರೆದುರು ಬೈಬಲ್ಲನ್ನೇ ಓದಿ ಮುಗಿಸುವವಳಷ್ಟು ಹೊತ್ತು ನಿಲ್ಲುತ್ತಿದ್ದಳು. ಉಸಿರು ಎದೆಯ ಮೇಲುಭಾಗದಲ್ಲೇ ಸುಳಿದಾಡಿ, ಕೆಳಗಿಳಿಯದೆ ಹಿಂದಿರುಗುತ್ತಿತ್ತು. ಬಾಯಿ ತೆರೆದು ಏದುಸಿರು ಬಿಟ್ಟರೆ ಜನ ನೋಡುತ್ತಾರೆ. ತುಟಿ ಸಣ್ಣದು ಮಾಡಿ, ಬಿಸಿ ಚಹಾ ಆರಿಸುವವರ ಹಾಗೆ ಊದಬೇಕು ಎಂದು ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಳು. ಊದಿದಳು. ಅಂಗಡಿಯ ಹೆಂಗಸು ಬಾಗಿಲಿಗೆ ಬಂದು, "ಏನಮ್ಮಾ, ಯಜಮಾನರಿಗಾ? ದಿನಾ ನೋಡ್ಕೊಂಡು ಹೋಗ್ತೀರಲ್ಲ, ಒಳಗೆ ಬನ್ನಿ" ಎಂದಳು. ವಿನೈನಾ ಗಾಜಿನಿಂದ ಹಿಂದಕ್ಕೆ ಸರಿದಳು. "ಅವರ ಅಳತೆ ಸರಿಯಾಗಿ ಗೊತ್ತಿಲ್ಲ" ಎಂದುಬಿಟ್ಟಳು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಬದುಕಿದ್ದಾಗಲೂ ಬೂಟು ಮೆಟ್ಟಿದವನಲ್ಲ. "ಅಯ್ಯೋ, ಅದಕ್ಕೇನಂತೆ? ಮಲಗಿದ್ದಾಗ ಒಂದು ದಾರ ಹಿಡಿದು ಪಾದ ಅಳೆದುಬಿಡಿ" ಎಂದು ಆಕೆ ನಕ್ಕಳು. ಇವಳೂ ನಕ್ಕಳು. ಮಲಗಿರುವವನ ಪಾದವನ್ನು ನೆಪ ಮಾಡಿಕೊಂಡೆನಲ್ಲ ಎಂದು ಬಸ್ ನಿಲ್ದಾಣದವರೆಗೂ ಮನಸ್ಸು ಚುಚ್ಚುತ್ತಿತ್ತು.

ಇವತ್ತು ನಿಲ್ಲುತ್ತಾ ನಿಲ್ಲುತ್ತಾ ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಪೇಟೆಯ ಇನ್ನೊಂದು ಕಡೆ, ರೈವಂಗಾದಲ್ಲಿ, ಊರಿನ ಹಿರಿಯ ಮೇಸುಲಮೆ ಅಜ್ಜನ ಮನೆಯಲ್ಲಿ, ಸುವಾದಲ್ಲಿ ನೆಲೆಸಿದ ಊರಿನವರೆಲ್ಲ ಸೇರುತ್ತಿದ್ದರು. ಕೋರೋ ದ್ವೀಪದಿಂದ ಅಣ್ಣ ಇನೋಕೆ ಹಡಗು ಹತ್ತಿ ಬಂದಿದ್ದ. ಬಂದದ್ದು ಅವಳನ್ನು ನೋಡಲಿಕ್ಕಲ್ಲ, ಅವಳ ಪರವಾಗಿ ಎಲ್ಲರೆದುರು ಮಂಡಿಯೂರಿ ಕ್ಷಮೆ ಕೇಳಲಿಕ್ಕೆ. ತಂಗಿಗೆ ಸುವಾ ಪೇಟೆಯ ಸೊಕ್ಕು ತಲೆಗೇರಿದೆ, ಹಿರಿಯರು ಕೂತಿದ್ದ ಕಡೆ ಸೊಂಟ ಬಗ್ಗಿಸದೆ ನೆಟ್ಟಗೆ ನಡೆದು ಹೋದಳು, 'ತಿಲೋವ್' ಎಂದು ಅಪ್ಪಣೆ ಕೇಳುವಷ್ಟು ಸೌಜನ್ಯವೂ ಅವಳ ಬಾಯಿಂದ ಬರಲಿಲ್ಲ, ಎಂಬ ಸುದ್ದಿ ಉಪ್ಪುಖಾರ ಹಚ್ಚಿಕೊಂಡು ಸಮುದ್ರ ದಾಟಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ನನಗೆ ಬಗ್ಗಲಿಕ್ಕಾಗುವುದಿಲ್ಲ, ಬಗ್ಗಿದರೆ ಉಸಿರು ಕಟ್ಟುತ್ತದೆ, ನನ್ನ ಶ್ವಾಸಕೋಶ ನಾರುಗಟ್ಟುತ್ತಾ ಬರುತ್ತಿದೆ. ಇಷ್ಟು ಹೇಳಿದ್ದರೆ ಅಣ್ಣ ಹಡಗು ಹತ್ತಬೇಕಾಗಿರಲಿಲ್ಲ. ಆ ಮಾತನ್ನು ಅವಳು ಕೋಣೆಯಲ್ಲಿ ಒಬ್ಬಳೇ ಇದ್ದಾಗ ಹಲವು ಸಲ ಹೇಳಿ ನೋಡಿದ್ದಳು. ಕೇಳುವವರು ಯಾರೂ ಇಲ್ಲದಾಗಲೂ ಮುಖ ಬಿಸಿಯಾಗುತ್ತಿತ್ತು.

ಕೋಣೆ ಎಂದರೆ ಸುರುಜ್ ಮತಿ ಎಂಬ ಮುದುಕಿಯ ಮನೆಯ ಹಿಂಭಾಗ. ಒಂದು ಮಂಚ, ಒಂದು ಒಲೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಯಂತ್ರ. ಊರಿನಲ್ಲಿ ಸಂಜೆ ಎರಡು ಗಳಿಗೆ ಜನರೇಟರ್ ಓಡಿದರೆ ಪುಣ್ಯ. ಈ ಯಂತ್ರಕ್ಕೋ, ಅವಳು ಹೊರಗೆ ಹೋಗಿ ಬರುವ ಹೊತ್ತು ಬಿಟ್ಟರೆ, ಹಗಲೂ ಕರೆಂಟು ಬೇಕು, ರಾತ್ರಿಯೂ ಬೇಕು. "ನೀವಿನ್ನು ದ್ವೀಪಕ್ಕೆ ಹೋಗೋ ಹಾಗಿಲ್ಲಮ್ಮ" ಎಂದು ಬೆಟ್ಟದ ಮೇಲಿನ ಆಸ್ಪತ್ರೆಯ ಡಾಕ್ಟರು ಹೇಳಿದಾಗ ಅವಳಿಗೆ ಹೊಳೆದ ಮೊದಲ ಯೋಚನೆ ಕಾಯಿಲೆಯದ್ದಲ್ಲ, ಊರಿಗೆ ಏನು ಸುಳ್ಳು ಹೇಳುವುದು ಎನ್ನುವುದು. ಹೊಲಿಗೆ ಕೆಲಸ ಸಿಕ್ಕಿದೆ ಎಂದಿದ್ದಳು. ಸುರುಜ್ ಮತಿಗೆ ಮಾತ್ರ ಎಲ್ಲ ಗೊತ್ತು, ಏಕೆಂದರೆ ಯಂತ್ರದ ಸದ್ದು ಅವಳ ಹಾಸಿಗೆಯವರೆಗೂ ಹೋಗುತ್ತಿತ್ತು. ಬಾಡಿಗೆಗೆ ಬಂದ ಹೊಸದರಲ್ಲಿ ವಿನೈನಾ ಸದ್ದಿಗೆ ಕ್ಷಮೆ ಕೇಳಿದ್ದಕ್ಕೆ ಮುದುಕಿ, "ನಮ್ಮೆಜಮಾನ್ರ ಗೊರಕೆ ಕೇಳಿದ್ಯಾ ನೀನು? ನಿನ್ ಪೆಟ್ಟಿಗೆಗಾದ್ರೂ ಸ್ವಿಚ್ಚಿದೆ" ಎಂದಿದ್ದಳು. ಇವತ್ತು ಬೆಳಿಗ್ಗೆ ಅದೇ ಮುದುಕಿ ಬಾಗಿಲಲ್ಲಿ ನಿಂತು, ಮೂಗಿಗೆ ಹಾಕುವ ಆಕ್ಸಿಜನ್ ನಳಿಕೆ ಕೆನ್ನೆಯ ಮೇಲೆ ಮೂಡಿಸಿದ ಗೆರೆಗಳಿಗೆ ಇವಳು ತೆಂಗಿನೆಣ್ಣೆ ತಿಕ್ಕುತ್ತಿದ್ದುದನ್ನು ನೋಡಿದಳು. "ಎಷ್ಟ್ ತಿಕ್ತೀಯ? ಚರ್ಮ ಕಿತ್ತು ಬರುತ್ತೆ. ಹೇಳ್ಬಿಡು ತಂಗಿ, ನಿನ್ನವರೇ ಅಲ್ವಾ?"

"ನಮ್ಮವರು ಅಂತಲೇ ಅಕ್ಕಾ" ಎಂದಳು ವಿನೈನಾ.

ಪರದೇಶದವರಿಗೆ, ಬಸ್ಸಿನವರಿಗೆ, ಡಾಕ್ಟರಿಗೆ ಹೇಳಬಹುದು. ನಮ್ಮವರಿಗೆ ಹೇಳಿದರೆ ಅದು ಅವರದ್ದಾಗಿಬಿಡುತ್ತದೆ. ಯಾರ ಮನೆಯಲ್ಲಿ ಯಾವ ತಪ್ಪು ನಡೆದಿದ್ದಕ್ಕೆ ಇವಳಿಗೆ ಹೀಗಾಯಿತು ಎಂದು ಕೆದಕುತ್ತಾರೆ, ಪ್ರಾರ್ಥನೆಗೆ ಗುಂಪು ಕಟ್ಟಿಕೊಂಡು ಬರುತ್ತಾರೆ, ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಅವಳು ಹುಡುಗಿಯಾಗಿದ್ದಾಗ ಊರಿನ ಒಬ್ಬ ಚಿಕ್ಕಮ್ಮ ಎದೆಯ ಕಾಯಿಲೆಗೆ ಆಸ್ಪತ್ರೆ ಸೇರಿ, ವಾಸಿಯಾಗಿಯೇ ಹಿಂದಿರುಗಿದ್ದಳು. ಆದರೂ ಅವಳ ಲೋಟವನ್ನು ಅಡಿಗೆಮನೆಯಲ್ಲಿ ಬೇರೆ ಮೊಳೆಗೆ ತಗುಲಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ಪ್ರೀತಿಯಿಂದಲೇ ಇದ್ದರು, ಆದರೆ ಲೋಟ ಮಾತ್ರ ಆ ಮೊಳೆಯಲ್ಲೇ ಇತ್ತು. ವಿನೈನಾಳೂ ಅದನ್ನು ಮುಟ್ಟುತ್ತಿರಲಿಲ್ಲ. ಚಿಕ್ಕಮ್ಮ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಮುಟ್ಟುತ್ತಿರಲಿಲ್ಲ.

ಬಸ್ಸಿನ ಮೆಟ್ಟಿಲು ಎತ್ತರ. ಅವಳು ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟು ಹಾಗೇ ನಿಂತಳು. "ಹತ್ತೋದಾದ್ರೆ ಹತ್ತಮ್ಮ, ಇಲ್ಲಾಂದ್ರೆ ಇಳಿ, ನಡುವೆ ಮನೆ ಮಾಡ್ಬೇಡ" ಎಂದ ಡ್ರೈವರು. ಹಿಂದಿದ್ದವರು ನಕ್ಕರು. ಅವಳು ಚೀಲದಲ್ಲಿ ಏನನ್ನೋ ಹುಡುಕುವವಳ ಹಾಗೆ ನಟಿಸಿದಳು. ಈ ಪೇಟೆಗೆ ಬಂದ ಮೇಲೆ ಅವಳು ಕಲಿತದ್ದೆಲ್ಲ ನಟನೆಯೇ ಆಗಿತ್ತು: ಹುಡುಕುವುದು, ಓದುವುದು, ಯಾರಿಗೋ ಕಾಯುವುದು. ಕಿಟಕಿಯ ಪಕ್ಕ ಕೂತು ಉಸಿರು ಹದಕ್ಕೆ ಬಂದ ಮೇಲೆ ಆ ದಿನ ಮತ್ತೆ ಕಣ್ಣೆದುರು ಬಂತು. ಅವತ್ತೂ ಮೇಸುಲಮೆ ಅಜ್ಜನ ಮನೆ, ಚರ್ಚಿನ ಕೆಲಸಕ್ಕೆ ಊರಿನವರು ಸೇರಿದ್ದರು. ಅವಳು ಹಿಂದಿನ ಅಡಿಗೆಮನೆಯಲ್ಲಿ ಮರಗೆಣಸು ಸುಲಿಯುತ್ತಿದ್ದಳು. ಒಲೆಯ ಹೊಗೆ ತಿರುಗಿತು. ಎದೆಯ ಬುಡದಿಂದ ಕೆಮ್ಮು ಎದ್ದು ಬರುವುದು ಅವಳಿಗೆ ಮೊದಲೇ ತಿಳಿಯುತ್ತದೆ. ಬಂದರೆ ಬೇಗ ನಿಲ್ಲುವ ಕೆಮ್ಮಲ್ಲ, ಕಫ ಬರುತ್ತದೆ, ಕಣ್ಣು ಹೊರಬರುತ್ತದೆ, ಒಮ್ಮೊಮ್ಮೆ ಒಳಲಂಗವೂ ಒದ್ದೆಯಾಗುತ್ತದೆ. ಇಷ್ಟು ಜನರೆದುರು ಅದು ಬೇಡ. ಹಿಂದಿನ ಬಾಗಿಲಿಗೆ ಅಡ್ಡಲಾಗಿ ದೊಡ್ಡ ಪಾತ್ರೆಗಳನ್ನು ಇಟ್ಟುಕೊಂಡು ಹೆಂಗಸರು ಕೂತಿದ್ದರು. ಉಳಿದದ್ದು ಒಂದೇ ದಾರಿ, ಚಾಪೆಯ ಮೇಲೆ ಹಿರಿಯರು ಯಂಗೋನಾ ಬೇರಿನ ಪಾನಕ ಕುಡಿಯುತ್ತಾ ಕೂತಿದ್ದ ನಡುಮನೆ. ಇದ್ದಷ್ಟು ಉಸಿರನ್ನು ಹಿಡಿದುಕೊಂಡು ಅವಳು ನಡೆದಳು. ಬಗ್ಗಿದ್ದರೆ ಹೊಟ್ಟೆ ಎದೆಗೆ ಒತ್ತಿ ಆ ಉಸಿರೂ ಹೋಗುತ್ತಿತ್ತು. ಬಾಯಿ ತೆರೆದಿದ್ದರೆ 'ತಿಲೋವ್' ಬದಲು ಕೆಮ್ಮು ಬರುತ್ತಿತ್ತು. ಮೇಸುಲಮೆ ಅಜ್ಜನ ನೆತ್ತಿಯ ಪಕ್ಕದಲ್ಲೇ ಅವಳ ಲಂಗ ಹಾದು ಹೋಯಿತು. ಮಾತು ನಿಂತಿತು. ಅವಳು ಹೊರಗೆ ಹೋಗಿ ಪಕ್ಕದ ಮನೆಯ ಬಾಳೆಯ ಹಿಂದೆ ಕೂತು ಕೆಮ್ಮಿ, ಯಾರಿಗೂ ಹೇಳದೆ ಬಸ್ಸು ಹತ್ತಿದ್ದಳು.

ಎರಡು ವಾರ ಕಳೆದ ಮೇಲೆ ಅತ್ತಿಗೆ ಕೆಲೆರಾ ಊರಿನ ಗುಡ್ಡ ಹತ್ತಿ ಫೋನು ಮಾಡಿದ್ದಳು. ಅಣ್ಣನ ಹೆಂಡತಿ, ಅದಕ್ಕೂ ಮೊದಲು ಸೋದರತ್ತೆಯ ಮಗಳು. ಬಾಯಿಗೆ ಬಂದದ್ದನ್ನು ಅನ್ನುವ ಹಕ್ಕು ಅವಳಿಗೆ ಎರಡು ಕಡೆಯಿಂದಲೂ ಇತ್ತು. "ಏನೇ ಮಹಾರಾಣಿ, ಸುವಾದಲ್ಲಿ ಬೆನ್ನಿಗೆ ಒನಕೆ ಕಟ್ಕೊಂಡು ಓಡಾಡ್ತಿದೀಯಂತೆ? ಊರಲ್ಲೆಲ್ಲ ಅದೇ ಮಾತು."

"ಅಂದ್ಕೊಳ್ಳಲಿ ಬಿಡು."

"ಬಿಡೋಕೆ ನಿಮ್ಮಣ್ಣ ಬಿಡ್ಬೇಕಲ್ಲ. ತಂಬುವಾ ಹೊರಗೆ ತೆಗೆದಿದಾರೆ. ಬರೋ ಹಡಗಿಗೆ ನಾವಿಬ್ರೂ ಬರ್ತಿದೀವಿ."

ತಂಬುವಾ ಎಂದರೆ ದೊಡ್ಡ ತಪ್ಪಿಗೆ ಕ್ಷಮೆ ಕೇಳುವಾಗ ಕೊಡುವ ತಿಮಿಂಗಿಲದ ಹಲ್ಲು, ಮನೆಯಲ್ಲಿದ್ದದ್ದು ಅದೊಂದೇ. ಮಗನ ಮದುವೆಗೆ ಹೆಣ್ಣು ಕೇಳುವಾಗ ಬೇಕೆಂದು ಇನೋಕೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಸವರಿ ಇಟ್ಟಿದ್ದ. ವಿನೈನಾಳ ಬಾಯಿಗೆ ಆ ಒಂದು ಮಾತು ಬಂತು. ತುಟಿಯವರೆಗೂ ಬಂತು. "ಏನೋ ಅಂದ್ಯಾ?" ಎಂದಳು ಕೆಲೆರಾ. "ಇಲ್ಲ, ಗಾಳಿ" ಎಂದಿದ್ದಳು ವಿನೈನಾ.

ರೈವಂಗಾದ ಆ ಮನೆ ಕಂಬಗಳ ಮೇಲೆ ನಿಂತದ್ದು. ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಅವಳು ಬೇಕೆಂದೇ ಬೇಗ ಬಂದು, ಯಾರೂ ನೋಡದಿರುವಾಗ ಒಂದೊಂದೇ ಮೆಟ್ಟಿಲು ಹತ್ತಿ, ಹಿಂಬಾಗಿಲಿನ ಹತ್ತಿರ ಹೆಂಗಸರ ಜಾಗದಲ್ಲಿ ಕೂತುಬಿಡಬೇಕೆಂದು ಲೆಕ್ಕ ಹಾಕಿದ್ದಳು. ಆದರೆ ಬಸ್ಸು ತಡವಾಗಿ, ಅವಳು ಬಂದಾಗ ಚಾಪೆ ತುಂಬಿತ್ತು. ಹಿಂಬಾಗಿಲಿನ ಹೊಸ್ತಿಲ ಮೇಲೇ ಕೂತಳು. ಹೆಂಗಸರು ಸರಿದು ಜಾಗ ಕೊಟ್ಟರು, ಸ್ವಲ್ಪ ಜಾಸ್ತಿಯೇ ಸರಿದರು. "ಬನ್ನಿ ಬನ್ನಿ, ಪೇಟೆಯವರಿಗೆ ಚಾಪೆ ಒರಟಾಗುತ್ತೇನೋ, ದಿಂಬು ತರಿಸ್ಲಾ?" ಎಂದಳೊಬ್ಬಳು. ವಿನೈನಾ ಕತ್ತು ನೆಟ್ಟಗೆ ಮಾಡಿ ಎದುರು ಗೋಡೆ ನೋಡಿದಳು. ವಿಚಿತ್ರವೆಂದರೆ ಆ ಮಾತಿನಿಂದ ಅವಳಿಗೆ ಸಮಾಧಾನವೇ ಆಯಿತು. ಸೊಕ್ಕಿನವಳು ಎಂದುಕೊಳ್ಳುವವರು ಎದೆಯ ಕಡೆ ನೋಡುವುದಿಲ್ಲ. ಅಂಗಿಯ ಕೊರಳು ಏರಿಳಿಯುವುದನ್ನೂ ಉಗುರು ನೀಲಿಯಾಗಿರುವುದನ್ನೂ ನೋಡುವುದಿಲ್ಲ. ಅವರ ಕೋಪದ ಮರೆಯಲ್ಲಿ ಅವಳು ಬೆಚ್ಚಗೆ ಅಡಗಿದ್ದಳು, ಹಾಗೆ ಅಡಗಿರುವುದಕ್ಕೆ ಅಣ್ಣನ ಮಾನವನ್ನು ಅಡ್ಡ ಇಟ್ಟಿದ್ದಳು.

ಇನೋಕೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ಅವಳ ಕಡೆ ನೋಡಲಿಲ್ಲ, ನೋಡುವ ಹಾಗೂ ಇರಲಿಲ್ಲ. ಚಿಕ್ಕವರಾಗಿದ್ದಾಗ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿ ಏಡಿ ಹಿಡಿದವರು. ಅವಳು ದೊಡ್ಡವಳಾದ ದಿನದಿಂದ, ಅಣ್ಣ-ತಂಗಿಯರ ನಡುವಿನ ಕಟ್ಟುಪಾಡಿನಂತೆ, ನೇರ ಮಾತೂ ಹೆಸರು ಹಿಡಿದು ಕರೆಯುವುದೂ ನಿಂತುಹೋಯಿತು. ಅವಳ ಗಂಡ ಸತ್ತ ಮೇಲೆ ಅವಳ ಮನೆ ಅಣ್ಣನ ಮನೆಗೆ ತಗುಲಿಕೊಂಡೇ ಇತ್ತು, ನಡುವೆ ಒಂದು ತಗಡಿನ ಗೋಡೆ. ಆದರೂ ಅವನು ಏನಾದರೂ ಹೇಳಬೇಕಾದರೆ ನಾಯಿಗೆ ಹೇಳುತ್ತಿದ್ದ: "ನೋಡಪ್ಪ, ಇವತ್ತು ಮೀನು ಜಾಸ್ತಿ ಸಿಕ್ಕಿದೆ, ಯಾರಿಗಾದ್ರೂ ಬೇಕಾಗಿತ್ತೇನೋ." ಅವಳು ಒಲೆಗೆ ಹೇಳುತ್ತಿದ್ದಳು: "ಮೀನು ಬಂದ್ರೆ ತೆಂಗಿನಹಾಲು ಹಿಂಡೋರು ಇದ್ದಾರೆ." ಕೆಲೆರಾ ಬಿದ್ದು ಬಿದ್ದು ನಗುತ್ತಿದ್ದಳು. ಹೀಗೆ ನಾಯಿ, ಒಲೆ, ಗೋಡೆಗಳ ಮೂಲಕವೇ ಇಬ್ಬರೂ ಮುದುಕರಾಗಿದ್ದರು. ಈಗ ಅವನು ನಡುಮನೆಗೆ ಕಾಲಿಡುವಾಗಲೇ ಸೊಂಟ ಬಗ್ಗಿಸಿದ. "ತಿಲೋವ್, ತಿಲೋವ್" ಎನ್ನುತ್ತಾ, ಕೈ ನೆಲಕ್ಕೆ ತಾಗುವಷ್ಟು ಬಗ್ಗಿ, ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿ, ಮೇಸುಲಮೆ ಅಜ್ಜನ ಎದುರು ಹೋಗಿ ಮಂಡಿಯೂರಿದ. ತಂಗಿ ಬಗ್ಗದೇ ಬಿಟ್ಟದ್ದನ್ನೂ ಸೇರಿಸಿ ಬಗ್ಗುತ್ತಿದ್ದಾನೆ ಎಂದು ವಿನೈನಾಳಿಗೆ ಅನ್ನಿಸಿತು.

ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವನು ಹೇಳಿದ: "ಹಿರೀಕರೇ, ನಮ್ಮ ಮನೆಯವರು ನಿಮ್ಮ ತಲೆ ಮೇಲೆ ನಡೆದಿದಾರೆ. ಹೆಣ್ಣುಮಗಳಿಗೆ ಬುದ್ಧಿ ಕಲಿಸಬೇಕಾದವನು ನಾನು. ಕಲಿಸಿಲ್ಲ. ತಪ್ಪು ಅವಳದಲ್ಲ, ನಂದು. ಇದನ್ನ ತಗೊಂಡು ಸಿಟ್ಟು ಬಿಡಬೇಕು." ವಿನೈನಾ ಈಗ ಹೇಳುತ್ತೇನೆ ಎಂದುಕೊಂಡಳು. ಅಜ್ಜ ಕೈ ಚಾಚುವುದರೊಳಗೆ ಹೇಳಬೇಕು. ಬಾಯಿ ತೆರೆದಳು. ಉಸಿರು ಇತ್ತು, ಈಗ ಉಸಿರಿನ ನೆಪ ಇರಲಿಲ್ಲ, ಒಂದು ವಾಕ್ಯಕ್ಕೆ ಆಗುವಷ್ಟು ಚೆನ್ನಾಗಿಯೇ ಇತ್ತು. ಚಿಕ್ಕಮ್ಮನ ಲೋಟದ ಆ ಬೇರೆ ಮೊಳೆ ಕಣ್ಣೆದುರು ಬಂತು. ಅಜ್ಜ ಕೈ ಚಾಚಿ ಹಲ್ಲನ್ನು ತೆಗೆದುಕೊಂಡ. ಗಂಡಸರೆಲ್ಲ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಮುಗಿಯಿತು. ಅವಳ ರೋಗ ಭದ್ರವಾಗಿ ಉಳಿಯಿತು, ಅಣ್ಣನ ಮಗನ ಮದುವೆಯ ಹಲ್ಲು ಹೋಯಿತು. ಅವಳು ಹೊಸ್ತಿಲಿಂದ ಹಿಂದಕ್ಕೆ ಜರುಗಿ, ಅಡಿಗೆಮನೆ ದಾಟಿ, ಹಿತ್ತಿಲ ಜಗುಲಿಯಲ್ಲಿ ಕಂಬಕ್ಕೊರಗಿ ನಿಂತಳು.

ಕೆಲೆರಾ ಹಿಂದೆಯೇ ಬಂದಳು. ಇವತ್ತು ಅವಳ ಬಾಯಲ್ಲಿ ಮಹಾರಾಣಿ ಇರಲಿಲ್ಲ. ಇವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ಬೆನ್ನು ಸವರಲಿಲ್ಲ, ಉಸಿರು ಏರಿಳಿಯುವುದನ್ನು ನೋಡುವುದಕ್ಕೆಂದೇ ಇಟ್ಟ ಹಾಗೆ ಅಲ್ಲೇ ನಿಂತಿತ್ತು.

"ಊರಲ್ಲಿದ್ದಾಗ್ಗಿಂತ ಜಾಸ್ತಿಯಾಗಿದೆ" ಎಂದಳು.

ವಿನೈನಾ ತಿರುಗಿ ನೋಡಿದಳು.

"ಏನ್ ನೋಡ್ತೀಯ? ತಗಡಿನ ಗೋಡೆ ಕಣೇ ಅದು. ನಿನ್ ಜೊತೆ ಮಾತಾಡೋ ಹಾಗಿಲ್ಲ ಅಂತ ಆ ಮನುಷ್ಯ ಕಿವಿ ಮುಚ್ಕೊಂಡಿದ್ರು ಅಂದ್ಕೊಂಡ್ಯಾ? ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರೋರು. ಇವತ್ತು ಉಸಿರು ಗೊರಗೊರ ಅಂತಿದೆ, ಇವತ್ತು ವಾಸಿ, ಇವತ್ತು ನಿದ್ದೆ ಬಂತು ಅಂತ ನಂಗೆ ಹೇಳೋರು. ನೀನು ಹೊಲಿಗೆ ಕೆಲ್ಸ ಅಂದಾಗ, ಹೋಗ್ಲಿ ಬಿಡು, ಆಸ್ಪತ್ರೆ ಇರೋ ಊರಿಗೇ ಹೋಗ್ತಿದಾಳಲ್ಲ ಅಂದ್ರು."

"ಗೊತ್ತಿದ್ದೂ..." ವಿನೈನಾ ಕಂಬವನ್ನು ಹಿಡಿದುಕೊಂಡಳು. "ಗೊತ್ತಿದ್ದೂ ತಂಬುವಾ ಯಾಕೆ ಕೊಟ್ರು?"

"ನಾನೂ ಅದೇ ಜಗಳ ಆಡ್ದೆ. ಕಾಯಿಲೆ ಅಂತ ಒಂದ್ಮಾತು ಹೇಳಿದ್ರೆ ಹಲ್ಲು ಉಳಿಯುತ್ತಲ್ಲ ಅಂದೆ. ಅವಳು ಮುಚ್ಚಿಟ್ಟಿದ್ದನ್ನ ನಾನು ಬಿಚ್ಚೋದಾ, ಸೊಕ್ಕು ಅಂತಲೇ ಅಂದ್ಕೊಳ್ಳಲಿ, ಸೊಕ್ಕಿಗೆ ನಾನು ಮಂಡಿಯೂರ್ತೀನಿ, ಅಂದ್ರು." ಕೆಲೆರಾ ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡಳು. "ನಂಗೇನೋ ಸಿಟ್ಟಿದೆ ನಿನ್ ಮೇಲೆ. ಮಗನ ಮದುವೆಗೆ ಈಗ ಎಲ್ಲಿಂದ ತರೋದು? ಅದು ಹಾಗಿರ್ಲಿ, ಬಾ, ಅಜ್ಜ ಕರೀತಿದಾರೆ. ಪಕ್ಕದಲ್ಲಿ ಕೂರಿಸ್ಕೊಂಡು ಯಂಗೋನಾ ಕೊಡ್ತಾರಂತೆ. ಹೊರಗಡೆಯಿಂದ ಸುತ್ತಿ ಮುಂದಿನ ಬಾಗಿಲಿಗೆ ಬಾ, ಅಜ್ಜ ಆ ಕಡೆಗೇ ಹತ್ತಿರ, ಬಗ್ಗಿ ನಡೆಯೋದು ತಪ್ಪುತ್ತೆ."

ಅವಳಿಗೆ ಸುತ್ತಿ ಹೋಗಬೇಕೆನ್ನಿಸಲಿಲ್ಲ. ಇಷ್ಟು ದಿನ ಅಡಗಿಕೊಂಡಿದ್ದೇನೆ ಎಂದುಕೊಂಡವಳು ಒಂದು ತಗಡಿನ ಆಚೆ ಬಯಲಲ್ಲೇ ಇದ್ದಳು. ಕಫ ಉಗುಳಿದ್ದು, ರಾತ್ರಿ ಎದ್ದು ಕೂತು ದೇವರನ್ನು ಬೈದದ್ದು, ಗಂಡನ ಹೆಸರು ಹಿಡಿದು ಅತ್ತದ್ದು, ಎಲ್ಲವನ್ನೂ ಒಬ್ಬ ಗೋಡೆಗೊರಗಿ ಕೇಳಿಸಿಕೊಂಡಿದ್ದಾನೆ. ಬಟ್ಟೆ ಬಿಚ್ಚಿ ನಿಂತವಳಷ್ಟು ನಾಚಿಕೆಯಾಯಿತು. ಸಿಟ್ಟೂ ಬಂತು, ಯಾಕೆ ಕೇಳಿಸಿಕೊಂಡ ಎಂದು. ಆಮೇಲೆ ಆ ಸಿಟ್ಟಿನ ಅನ್ಯಾಯಕ್ಕೇ ನಾಚಿಕೆಯಾಯಿತು. ಅವನು ಎಲ್ಲರೆದುರು ಹೇಳಿದ ಸುಳ್ಳನ್ನು ಈಗ ತಾನು ಹರಿದು ಹಾಕುವಂತಿಲ್ಲ. ಹಿರಿಯರೆದುರು ಸುಳ್ಳು ಹೇಳಿ ತಂಬುವಾ ಕೊಟ್ಟವನು ಎಂದಾಗುತ್ತದೆ. ಉಳಿದದ್ದು ಒಂದೇ. ಅವನು ಯಾವ ಬೆನ್ನಿಗಾಗಿ ಮಂಡಿಯೂರಿದನೋ ಆ ಬೆನ್ನು ಇವತ್ತೊಂದು ದಿನವಾದರೂ ಬಗ್ಗಬೇಕು.

ನಡುಮನೆಯ ಹಿಂಬಾಗಿಲಲ್ಲಿ ಅವಳು ಬಗ್ಗಿದಳು. "ಬೇಡ ಕಣೇ" ಎಂದಳು ಕೆಲೆರಾ ಹಿಂದಿನಿಂದ. ಅವಳು ಸೊಂಟ ಮಡಿಸಿ, ತಲೆ ತಗ್ಗಿಸಿ, "ತಿಲೋವ್" ಎಂದಳು. ಹೆಂಗಸರು ಮೆಚ್ಚುಗೆಯಿಂದ ಗುನುಗಿದರು. ಚಾಪೆಯ ಹೆಣಿಗೆ ಕಣ್ಣಿಗೆ ಹತ್ತಿರವಾಗಿ ಓಡುತ್ತಿತ್ತು. "ತಿಲೋವ್" ಎಂದಳು ಮತ್ತೆ, ದನಿ ಬರಲಿಲ್ಲ. ಯಂಗೋನಾದ ದೊಡ್ಡ ಮರದ ಬಟ್ಟಲಿನ ಹತ್ತಿರ ಬರುವ ಹೊತ್ತಿಗೆ ಎದೆಯ ಬಾಗಿಲನ್ನು ಯಾರೋ ಒಳಗಿಂದ ಹಾಕಿಕೊಂಡ ಹಾಗಾಯಿತು. ಕಿವಿಯಲ್ಲಿ ಸದ್ದು ತುಂಬಿತು. ಇನ್ನೆರಡು ಹೆಜ್ಜೆ ಎಂದುಕೊಂಡಳು. ಕೈ ನೆಲಕ್ಕೆ ಊರಿತು, ಮಂಡಿ ಊರಿತು, ಆಮೇಲೆ ಕೆಮ್ಮು ಬಂತು. ಮುಚ್ಚಿಟ್ಟ ಅಷ್ಟೂ ದಿನಗಳ ಕೆಮ್ಮು ಒಟ್ಟಿಗೇ ಬಂದ ಹಾಗೆ, ಹಿರಿಯರ ನಡುವೆ, ಅಜ್ಜನ ಮಂಡಿಯ ಮುಂದೆ, ಎಲ್ಲರ ಕಣ್ಣೆದುರು ಬಂತು. ಅಂಗೈಯಲ್ಲಿ ಬಾಯಿ ಮುಚ್ಚಿದಳು, ಬೆರಳ ಸಂದಿಯಿಂದ ಕಫ ಇಳಿಯಿತು. ಲಂಗ ಒದ್ದೆಯಾಯಿತು. ಯಾರೋ ತಮ್ಮ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು. ಅವಳು ಇನ್ನೂ ಬಗ್ಗಿಯೇ ಇದ್ದಳು, ತಲೆ ಎತ್ತಿದರೆ ಮುಖಗಳನ್ನು ನೋಡಬೇಕಾಗುತ್ತದೆ ಎಂದು ಬಗ್ಗಿಯೇ ಇದ್ದಳು, ಉಸಿರು ಒಂದಿಷ್ಟೂ ಬರಲಿಲ್ಲ.

"ವಿನೈನಾ."

ಯಾರ ದನಿ ಎಂದು ಮೊದಲು ಗೊತ್ತಾಗಲಿಲ್ಲ. ಆ ದನಿಯಲ್ಲಿ ತನ್ನ ಹೆಸರನ್ನು ಕೇಳಿ ಒಂದು ಆಯುಷ್ಯವೇ ಕಳೆದಿತ್ತು. ಗಂಡಸರು ಗಾಬರಿಯಿಂದ ಇನೋಕೆಯ ಕಡೆ ತಿರುಗಿದರು. ಅವನು ಎದ್ದು ನಿಂತಿದ್ದ. ಮೇಸುಲಮೆ ಅಜ್ಜ ಕೂತಿದ್ದ ಹಾಗೇ, ಎಲ್ಲ ಹಿರಿಯರೂ ಕೂತಿದ್ದ ಹಾಗೇ, ಅವನು ಅವರ ನಡುವೆ ಪೂರ್ತಿ ಎತ್ತರಕ್ಕೆ ನಿಂತು, ನೇರವಾಗಿ ತಂಗಿಯ ಮುಖ ನೋಡುತ್ತಿದ್ದ.

"ವಿನೈನಾ, ಬಗ್ಬೇಡ" ಎಂದ. "ನೆಟ್ಟಗೆ ನಿಂತ್ಕೋ."

ಅಷ್ಟು ನಾಚಿಕೆ ಅವಳಿಗೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ. ಒದ್ದೆಯಾದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳು ಎದ್ದು ನಿಂತಳು.